ನಾಲ್ಕನೇ ನೆರಿಗೆ

"ಬಿಚ್ಚಬೇಡಿ!"

ಗುಂಡಿ ಅಂಗಡಿಯವನು ಹಾಗೆ ಕೂಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡುಬಿಟ್ಟ. ಹೊಸ ಕೋಟಿನ ಮಾದರಿಯನ್ನು ಚೀಲದಿಂದ ಅರ್ಧ ಹೊರಗೆಳೆದಿದ್ದ ಅವಳು ಬೆಚ್ಚಿಬಿದ್ದಳು.

"ಏನಾಯ್ತ್ರೀ?"

"ಮೊದಲು ಗೌಪ್ಯತೆ ಒಪ್ಪಂದದ ಕಾಗದ ಕೊಡಿ. ಸಹಿ ಹಾಕ್ತೀನಿ. ಆಮೇಲೆ ನೋಡ್ತೀನಿ."

ಅಲ್ಲ, ಹುಡುಗಿ ಎದುರಿಗೆ ನಿಂತಾಗ ಕಣ್ಣು ಮುಚ್ಚಿಕೊಳ್ಳುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅವಳಿಗೆ ನಗು ತಡೆಯಲಾಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಗುಂಡಿ ವಿಂಗಡಿಸುತ್ತಿದ್ದ ಅವನ ಅಪ್ಪ ಮಾತ್ರ ನಗಲಿಲ್ಲ.

"ನಗಬೇಡಮ್ಮ. ನನ್ನ ಕಾಲದಲ್ಲಿ ಒಂದು ಡಿಸೈನು ಈ ಅಂಗಡಿಗೆ ಬಂದುಹೋದ ಮೇಲೆ ಬೇರೆಯವರ ಕೈ ಸೇರ್ತು. ನಾನು ಕೊಟ್ಟಿಲ್ಲ ಅಂದೆ. ಯಾರು ನಂಬ್ತಾರೆ? ಏನು ನೋಡಿದೆ, ಯಾವತ್ತು ನೋಡಿದೆ ಅನ್ನೋಕೆ ಒಂದು ಚೂರು ಕಾಗದ ಇರಲಿಲ್ಲ. ಆರು ವರ್ಷ ಯಾರೂ ಕೆಲಸ ಕೊಡಲಿಲ್ಲ."

ಇದು ಒಂದು ವರ್ಷದ ಹಿಂದಿನ ಮಾತು.

ಅವಳು, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಯಜಮಾನಿಯ ಉಡುಪಿನ ವರ್ಕ್‌ಶಾಪಿನಲ್ಲಿ ಡಿಸೈನರ್. ಕಾಲರಿನಲ್ಲಿ ಸದಾ ಪಿನ್ನು ಚುಚ್ಚಿಕೊಂಡಿರುತ್ತಿದ್ದರಿಂದ ಎಲ್ಲರ ಬಾಯಲ್ಲೂ 'ಗುಂಡುಪಿನ್ನು'. ಅಂದಿನಿಂದ ಗುಂಡುಪಿನ್ನಿಗೆ ವಾರಕ್ಕೆ ಮೂರು ಸಲ ಗುಂಡಿ ಬೇಕಾಗತೊಡಗಿತು! ಅವಳ ಡಬ್ಬಿ ತುಂಬಿತೇ ಹೊರತು, ಮನಸ್ಸಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡಕ್ಕ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಹಿಂದಿನ ಬೀದಿಯ ದೊಡ್ಡ ಅಂಗಡಿಯ ಗಾಜಿನೊಳಗೆ ಒಂದು ಕೋಟು.

ಅವಳದೇ ಕೋಟು! ಅವಳೇ ನಾಲ್ಕು ತಿಂಗಳು ಕೂತು ಮಾಡಿದ ನೆರಿಗೆ ತೋಳು!

"ಪ್ರದರ್ಶನಕ್ಕೆ ನಾಲ್ಕೇ ದಿನ ಇದೆ. ನಮ್ಮ ಮನೆಗೇ ಕನ್ನ ಹಾಕಿದ್ದಾರೆ ಕಣೇ," ದೊಡ್ಡಕ್ಕ ಫೋನನ್ನು ಅವಳ ಕೈಗಿತ್ತರು. "ಐದು ಗಂಟೆಗೆ ವಕೀಲರು ಬರ್ತಾರೆ. ಅಷ್ಟರೊಳಗೆ ಯಾರು ಅಂತ ನನಗೆ ಗೊತ್ತಾಗಬೇಕು. ಪುಸ್ತಕ ನಿನ್ನ ಹತ್ರಾನೇ ಇದೆಯಲ್ಲ, ನೋಡು."

ಆ ಪುಸ್ತಕದ ಗುಟ್ಟು ಇವರಿಬ್ಬರಿಗೆ ಮಾತ್ರ ಗೊತ್ತು. ಹೊರಗಿನ ನಾಲ್ವರಿಗೆ ತೋಳಿನ ಮಾದರಿ ಕಳಿಸುವಾಗ, ಒಬ್ಬೊಬ್ಬರದರಲ್ಲಿ ಒಂದೊಂದು ನೆರಿಗೆಯನ್ನು ಬೇಕೆಂದೇ ಹಿಂದುಮುಂದು ಮಡಿಸಿ, ಯಾವುದು ಯಾರಿಗೆ ಎಂದು ಅದರಲ್ಲಿ ಬರೆದಿಡುತ್ತಿದ್ದರು. ಕಸೂತಿಯವಳಿಗೆ ಮೊದಲನೆಯದು. ಬಣ್ಣ ಹಾಕುವವನಿಗೆ ಎರಡನೆಯದು. ಫೋಟೋ ತೆಗೆಯುವ, ದೊಡ್ಡಕ್ಕನ ಸ್ವಂತ ಮೈದುನನಿಗೆ ಮೂರನೆಯದು. ಯಾರು ನಕಲು ಕೊಟ್ಟರೂ ನೆರಿಗೆಯೇ ಬಾಯಿ ಬಿಡುತ್ತಿತ್ತು.

ಅವಳು ಫೋಟೋ ಹಿಗ್ಗಿಸಿ ಎಣಿಸಿದಳು. ಒಂದು... ಎರಡು... ಮೂರು...

ನಾಲ್ಕನೆಯದು ಉಲ್ಟಾ ಇತ್ತು.

ನಾಲ್ಕನೆಯದು ಗುಂಡಿ ಅಂಗಡಿಯವನದು!

'ಇಲ್ಲ... ಇಲ್ಲ... ನಾನು ತಪ್ಪು ಎಣಿಸಿದೆ.' ಮತ್ತೆ ಎಣಿಸಿದಳು. ಒಪ್ಪಂದಗಳ ಕಡತ ತೆರೆದಳು. ಅಲ್ಲಿದ್ದದ್ದು ಮೂರೇ ಸಹಿ. ಅವನದು ಇರಲೇ ಇಲ್ಲ!

ಆಗ ನೆನಪಾಯಿತು. ಮೂರು ವಾರದ ಹಿಂದೆ ಅವನು ಫೋನ್ ಮಾಡಿದ್ದ. "ಕವರ್ ಬಂತು, ಜೊತೆಗೆ ಒಪ್ಪಂದ ಇಲ್ವಲ್ಲ?" ಇವಳು "ಅಯ್ಯೋ, ನಾಳೆ ತರ್ತೀನಿ" ಎಂದಿದ್ದಳು. ಪ್ರದರ್ಶನದ ಕೆಲಸದಲ್ಲಿ ಅತ್ತ ಹೋಗಲಾಗದೆ, ಆ ನಾಳೆ ಬರಲೇ ಇಲ್ಲ. ಗುಂಡಿಗಳು ಮಾತ್ರ ಹೊತ್ತಿಗೆ ಸರಿಯಾಗಿ ಬಂದಿದ್ದವು.

ಹಾಗಾದರೆ ಸಹಿ ಹಾಕದೆಯೇ ತೆರೆದನೇ? ಅಂದು ಕಣ್ಣು ಮುಚ್ಚಿಕೊಂಡದ್ದೆಲ್ಲ ನಾಟಕವೇ?

ಹೇಳಿದರೆ ಅವನ ಅಂಗಡಿ ಮುಚ್ಚುತ್ತದೆ, ಆ ಮುದುಕರು ಮತ್ತೊಮ್ಮೆ ಕಳ್ಳರಾಗುತ್ತಾರೆ. ಹೇಳದಿದ್ದರೆ ಅನ್ನ ಕೊಟ್ಟ ದೊಡ್ಡಕ್ಕನಿಗೆ ದ್ರೋಹ. ಗಡಿಯಾರ ನೋಡಿದಳು. ಈ ತೊಳಲಾಟದಲ್ಲೇ ಮೂರೂವರೆಯಾಗಿತ್ತು. ಹಾಗೆಯೇ ಎದ್ದು ಅವನ ಅಂಗಡಿಗೆ ಓಡಿದಳು.

"ನೀವೇನಾ?" ಬಾಗಿಲಲ್ಲೇ ಕೇಳಿದಳು. "ನನ್ನ ತೋಳನ್ನ ಅವರಿಗೆ ಕೊಟ್ಟಿದ್ದು ನೀವೇನಾ?"

ಅಪ್ಪನ ಕೈಯಲ್ಲಿದ್ದ ಗುಂಡಿಗಳು ನೆಲಕ್ಕೆ ಉದುರಿದವು.

ಅವನ ಮುಖ ಬಿಳಿಚಿಕೊಂಡಿತು. "ನಾನು ಅದನ್ನ ನೋಡೇ ಇಲ್ಲ."

"ಸುಳ್ಳು! ನೋಡದೆ ಗುಂಡಿ ಹೇಗೆ ಮಾಡಿದ್ರಿ?"

"ಫೋನಲ್ಲಿ ಅಳತೆ ಹೇಳಿದ್ರಲ್ಲ. ಹದಿನೆಂಟು ಮಿಲಿಮೀಟರು, ಇದ್ದಿಲ ಬಣ್ಣ. ಗುಂಡಿಗೆ ಅಷ್ಟು ಸಾಕು."

ಬೀರುವಿನ ಬೀಗ ತೆಗೆದು ಕವರು ತಂದ. ಅಂಚಿಗೆ ಅಂಟಿಸಿದ, ದೊಡ್ಡಕ್ಕನ ಸಹಿಯಿದ್ದ ಕಾಗದದ ಪಟ್ಟಿ ಹಾಗೇ ಇತ್ತು. ಒಂದು ಕಡೆಯೂ ಹರಿದಿರಲಿಲ್ಲ.

"ನೀವು ಒಪ್ಪಂದ ತರ್ತೀನಿ ಅಂದಿದ್ರಿ. ಕಾಯ್ತಾ ಇದ್ದೆ," ಎಂದ ಮೆಲ್ಲಗೆ. "ಊರೆಲ್ಲ ನಂಬದೆ ಇದ್ರೂ ನೀವು ನಂಬ್ತೀರಿ ಅಂದ್ಕೊಂಡಿದ್ದೆ."

ಆ ಮಾತಿಗೆ ಅವಳ ಕಣ್ಣು ತುಂಬಿಬಂತು. ಅಲ್ಲೇ ಹರಿದು ನೋಡಲು ಕವರಿಗೆ ಕೈ ಹಾಕಿದಳು. ಅವನು ತಡೆದ.

"ಇಲ್ಲಿ ಬೇಡ. ನಿಮ್ಮ ದೊಡ್ಡಕ್ಕ, ವಕೀಲರು, ಎಲ್ಲರ ಎದುರಿಗೆ ತೆರೀಲಿ."

"ಹೋಗಪ್ಪ," ಎಂದರು ಅವನ ಅಪ್ಪ, ಗೋಡೆ ಹಿಡಿದು ಎದ್ದು ನಿಂತು. "ಅವತ್ತು ನನ್ನ ಕೈಲಿ ಏನೂ ಇರಲಿಲ್ಲ. ನಿನ್ನ ಕೈಲಿ ಇದೆ."

ಐದು ಗಂಟೆಗೆ ಸರಿಯಾಗಿ ವರ್ಕ್‌ಶಾಪಿನ ಕತ್ತರಿಸುವ ಮೇಜಿನ ಮೇಲೆ ಕವರು ಇಟ್ಟರು. ವಕೀಲರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ತಲೆಯಾಡಿಸಿದರು. ದೊಡ್ಡಕ್ಕ ಕತ್ತರಿ ಎತ್ತಿಕೊಂಡದ್ದೇ ತಡ, ಗುಂಡಿ ಅಂಗಡಿಯವನು ಗೋಡೆಯ ಕಡೆ ತಿರುಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ.

"ಇದೇನಪ್ಪಾ?" ದೊಡ್ಡಕ್ಕ ಕೇಳಿದರು.

"ನಾನಿನ್ನೂ ಸಹಿ ಹಾಕಿಲ್ಲ ಅಕ್ಕಾ."

ತೋಳು ಹೊರಗೆ ಬಂತು. ಗುಂಡುಪಿನ್ನು ಎಣಿಸಿದಳು. ಒಂದು... ಎರಡು... ಮೂರನೆಯದು ಉಲ್ಟಾ!

ಅವನಿಗೆ ಹೋದದ್ದು ಮೂರನೆಯದಾದರೆ, ನಾಲ್ಕನೆಯದು ಹೋಗಿದ್ದು...

"ನನ್ನ ಮೈದುನನ ಕೈಗೆ," ಎಂದರು ದೊಡ್ಡಕ್ಕ. ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಅವನ ಸಹಿ ಇದೆ ತಾನೇ?"

"ಇದೆ ಅಕ್ಕ."

"ಸರಿ. ಮನೆಯವನಾದ್ರೇನು, ಸಹಿ ಸಹಿಯೇ. ಬನ್ನಿ ವಕೀಲರೇ, ಒಳಗೆ ಕೂತು ಮಾತಾಡೋಣ." ಬಾಗಿಲ ಬಳಿ ತಿರುಗಿ ಗದರಿದರು. "ನಿನ್ನ ವಿಚಾರಣೆ ಆಮೇಲಿದೆ ಕಣೇ! ಎರಡು ಮಾದರಿ ಹೇಗೆ ಅದಲುಬದಲಾಯ್ತು ಅಂತ ಹೇಳಬೇಕು ನೀನು."

ಇಬ್ಬರೇ ಉಳಿದರು. ಅವಳು ತೋಳನ್ನು ಕವರಿನೊಳಗೆ ತುರುಕಿದಳು.

"ಕಣ್ಣು ಬಿಡಬಹುದಾ?"

"ಬೇಡ! ಮುಚ್ಕೊಂಡೇ ಇರಿ... ನೀವು ನೋಡ್ತಾ ಇದ್ರೆ ನನಗೆ ಹೇಳೋಕಾಗಲ್ಲ." ಎಂದಳು ಅವಳು. "ನಿಮ್ಮನ್ನ ಅನುಮಾನಿಸಿದೆ. ತಪ್ಪಾಯ್ತು. ಅಪ್ಪನ ಕಾಲಿಗೂ ಬೀಳ್ತೀನಿ."

ಅವಳು ಕವರನ್ನು ತಿರುಗಿಸಿ, ಮೇಲಿನ ವಿಳಾಸದ ಮೇಲೆ ಬೆರಳಿಟ್ಟಳು.

"ಕವರಿನ ಮೇಲೆ ನಿಮ್ಮ ವಿಳಾಸ ಬರೀತಿದ್ದೆ... ಅವತ್ತು ನೀವು ಅಂಗಡಿ ಬಾಗಿಲವರೆಗೂ ಬಂದು ನನ್ನ ಕಳಿಸಿದ್ರಿ. ಅದೇ ಯೋಚನೆ. ಯಾವ ತೋಳು ಯಾವ ಕವರಿಗೆ ಹಾಕಿದೆ, ಒಪ್ಪಂದ ಇಟ್ನೋ ಬಿಟ್ನೋ, ಏನೂ ಗೊತ್ತಾಗಲಿಲ್ಲ. ದೊಡ್ಡಕ್ಕ ಕೇಳಿದ್ರೆ ಇದನ್ನೇ ಹೇಳಬೇಕು ನಾನು!"

ಅವನು ಗೋಡೆಯಿಂದ ಇತ್ತ ತಿರುಗಿದ. ಕೈ ಇನ್ನೂ ಕಣ್ಣಿನ ಮೇಲೇ ಇತ್ತು. ಆದರೆ ಕೈಯ ಕೆಳಗೆ ತುಟಿ ನಗುತ್ತಿತ್ತು.

"ಈ ವಿಷಯಕ್ಕೂ ಗೌಪ್ಯತೆ ಒಪ್ಪಂದ ಇದೆಯಾ?"

"ಇಲ್ಲ."

"ಹಾಗಾದ್ರೆ ಯಾರಿಗೆ ಬೇಕಾದ್ರೂ ಹೇಳಬಹುದು?"

"ಹೇಳಿ."

"ಮೊದಲು ಅಪ್ಪನಿಗೆ ಹೇಳ್ತೀನಿ," ಎಂದು ಅವನು ಕೈ ತೆಗೆದು, ಅವಳನ್ನು ಕಣ್ತುಂಬ ನೋಡಿದ.