ಕತ್ತರಿ ಡಬ್ಬದ ಚೀಟಿ

"ನಾನೇನೂ ಮಾಡಿಲ್ಲಮ್ಮಾ! ಅದೇ ಕೇಳ್ತು, ನಾನು ಯೆಸ್ ಅಂದೆ, ಅಷ್ಟೇ!"

ಮಿಂಚು ಕೀಬೋರ್ಡಿನಿಂದ ಎರಡೂ ಕೈ ಮೇಲೆತ್ತಿ ಕೂತಿದ್ದಳು. ಕಂಪ್ಯೂಟರಿನ ತುಂಬ ಜಾಹೀರಾತುಗಳು. ಒಂದನ್ನು ಮುಚ್ಚಿದರೆ ಎರಡು ಎದ್ದು ಬರುತ್ತಿದ್ದವು. ಏನು ಮಾಡಿದರೂ ಫಟ್ ಎಂದು ಮುಗಿಸುತ್ತಾಳೆ ಅಂತ ಅವಳಿಗೆ ಮಿಂಚು ಎಂಬ ಅಡ್ಡಹೆಸರು ಬಂದಿತ್ತು. ಇವತ್ತು ಹೊಸ ಗೇಮನ್ನೂ ಹಾಗೇ ಫಟ್ ಎಂದು ಹಾಕಿದ್ದಳು.

ಅಮ್ಮ ಹೊಲಿಗೆ ಮಷೀನು ಬಿಟ್ಟು ಎದ್ದು ಬಂದಳು. ಅವಳು ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯ ನಾಟಕಕ್ಕೆ ಮೂವತ್ತು ಮಕ್ಕಳ ಬಟ್ಟೆ ಹೊಲಿದು ಕೊಡಬೇಕಿತ್ತು. ಅಷ್ಟೂ ಮಕ್ಕಳ ಅಳತೆ ಇದ್ದದ್ದು ಇದೇ ಕಂಪ್ಯೂಟರಿನಲ್ಲಿ.

"ಅಳತೆ ತೋರ್ಸು," ಎಂದಳು ಅಮ್ಮ.

ಮಿಂಚು ಎಷ್ಟು ಒತ್ತಿದರೂ ಅಳತೆ ಬರಲಿಲ್ಲ. ಅಮ್ಮನ ಮುಖ ಸಪ್ಪಗಾಯಿತು. ಎರಡೇಟು ಬಿಗಿದಿದ್ದರೂ ವಾಸಿಯಿತ್ತು, ಪಾಪ, ಅವಳು ಬೈಯಲೂ ಇಲ್ಲ.

ಸಂಜೆ ಚಿಕ್ಕಮ್ಮ ಬಂದಳು. ಅವಳಿಗೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಎರಡು ಗಂಟೆ ತಲೆ ಎತ್ತದೆ ಕೂತಳು.

"ಅಳತೆಯೆಲ್ಲ ಸಿಕ್ತು ಅಕ್ಕಾ, ನಿನ್ನ ಪುಣ್ಯ. ಆದ್ರೆ ಇದೇನೇ ಇದು, ಇಡೀ ಮನೆಗೆ ಒಂದೇ ಅಕೌಂಟು, ಅದೂ ಅಡ್ಮಿನ್ನು! ಅಡ್ಮಿನ್ ಅಂದ್ರೆ ಯಜಮಾನರಿದ್ದ ಹಾಗೆ. ಯಜಮಾನರು ಯೆಸ್ ಅಂದ್ರೆ ಕಂಪ್ಯೂಟರ್ ಯಾರನ್ನ ಬೇಕಾದ್ರೂ ಒಳಗೆ ಬಿಟ್ಕೊಳತ್ತೆ. ಇವಳಿಗೆ ಬೇರೆ ಅಕೌಂಟ್ ಮಾಡ್ತೀನಿ, ಲಿಮಿಟೆಡ್. ಓದ್ಬಹುದು, ಬರೀಬಹುದು, ಚಿತ್ರ ಬಿಡಿಸ್ಬಹುದು. ಹೊಸದೇನಾದ್ರೂ ಹಾಕಕ್ಕೆ ಹೋದ್ರೆ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೇಳತ್ತೆ."

ಲಿಮಿಟೆಡ್! ಅಮ್ಮನಿಗೆ ಟೈಪ್ ಮಾಡಲು ಕಲಿಸಿದ್ದು ಯಾರು? ಅಳತೆಯ ಪಟ್ಟಿ ಮಾಡಿಕೊಟ್ಟಿದ್ದು ಯಾರು? ನಿನ್ನೆಯವರೆಗೂ ಅಮ್ಮ ಮಿಂಚುವನ್ನು "ಕಂಪ್ಯೂಟರ್ ಡಾಕ್ಟ್ರೇ" ಎಂದು ಕರೆಯುತ್ತಿದ್ದಳು.

"ನಾನೇನು ಕಳ್ಳೀನಾ?" ಎಂದವಳೇ ಗೋಡೆ ಕಡೆ ತಿರುಗಿ ಕೂತಳು.

"ಯಾರೇ ಹಾಗಂದಿದ್ದು?" ಎಂದಳು ಚಿಕ್ಕಮ್ಮ. ಮಿಂಚುವಿನ ಹಿಂದೆ ಗುಸುಗುಸು ಕೇಳಿಸಿತು. ಚೀಟಿಯ ಮೇಲೆ ಪೆನ್ನು ಸರಸರ ಓಡಿತು. ತಿರುಗಿ ನೋಡಿದ್ದರೆ ಕೇಳಿ!

ನಾಲ್ಕು ದಿನ ಅವಳು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಮೂತಿ ಊದಿಸಿಕೊಂಡು ಅಮ್ಮನ ಮೇಜಿನ ತುದಿಯಲ್ಲಿ ಕೂತು ನಾಟಕದ ರಾಣಿಗೆ ಕಾಗದದ ಕಿರೀಟ ಮಾಡುತ್ತಿದ್ದಳು, ತನ್ನ ಪುಟ್ಟ ಕತ್ತರಿಯಿಂದ.

ಅಮ್ಮನ ದೊಡ್ಡ ಕತ್ತರಿ ಅದೇ ಮೇಜಿನ ಮೇಲೆ ಒಂದು ತಗಡಿನ ಡಬ್ಬದಲ್ಲಿತ್ತು. ಅದು ಬಟ್ಟೆಗೆ ಮಾತ್ರ. ಕಾಗದ ಕತ್ತರಿಸಿದರೆ ಮೊಂಡಾಗುತ್ತದೆ. ದಾರ ಕತ್ತರಿಸಲು ಅಮ್ಮನೂ ಚಿಕ್ಕದನ್ನೇ ಹಿಡಿಯುತ್ತಾಳೆ. ಮಿಂಚು ಆ ದೊಡ್ಡ ಕತ್ತರಿಯನ್ನು ಒಂದು ದಿನವೂ ಮುಟ್ಟಿದವಳಲ್ಲ.

ಐದನೇ ದಿನ ಅಮ್ಮ ಕೂಗಿದಳು. "ಮಿಂಚೂ, ಬಾರೇ. ಹೊಸ ಪ್ರಿಂಟರ್ ಹಾಕ್ಬೇಕು, ಇದೇನೋ ಪಾಸ್‌ವರ್ಡ್ ಕೇಳ್ತಿದೆ."

"ನೀನೇ ಅಡ್ಮಿನ್ ಅಲ್ವಾ? ಹಾಕ್ಕೋ."

"ನಾನೆಲ್ಲಿಯ ಅಡ್ಮಿನ್ನು! ನಂದೂ ಲಿಮಿಟೆಡ್ಡೇ."

ಮಿಂಚು ದಡಬಡ ಎದ್ದು ಬಂದು ನೋಡಿದಳು. ಹೌದು! ಅಮ್ಮನಿಗೊಂದು ಅಕೌಂಟ್, ಮಿಂಚುವಿಗೊಂದು, ಅಡ್ಮಿನ್‌ದು ಬೇರೆಯೇ ಮೂರನೆಯದು.

"ನಿಂಗ್ಯಾಕಮ್ಮಾ?"

"ನಾನೇ ಕೇಳಿ ಮಾಡಿಸ್ಕೊಂಡೆ. ಹೊಲಿಯೋ ಗಡಿಬಿಡಿಯಲ್ಲಿ ನಾನೂ ನಿನ್ನ ಹಾಗೇ ಓದದೆ ಯೆಸ್ ಒತ್ತೋಳು. ನೀನು ಕೇಳಿಸ್ಕೊಂಡ್ರೆ ತಾನೇ? ಮೂತಿ ತಿರುಗಿಸ್ಕೊಂಡು ಕೂತಿದ್ದೆ. ಸರಿ, ಪಾಸ್‌ವರ್ಡ್ ಬರೆದಿಟ್ಟ ಚೀಟಿ ತಗೊಂಡ್ ಬಾ. ಕತ್ತರಿ ಡಬ್ಬದಲ್ಲಿದೆ."

ಮಿಂಚು ಮುಚ್ಚಳ ತೆಗೆದಳು. ದೊಡ್ಡ ಕತ್ತರಿಯ ಕೆಳಗೆ ಮಡಿಸಿದ ಚೀಟಿ ಇತ್ತು.

"ಅವತ್ತಿಂದ ಇಲ್ಲೇ ಇತ್ತಾ?"

"ಇನ್ನೆಲ್ಲಿಡ್ಲಿ?" ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ.

ನಾಲ್ಕೂ ದಿನ ಮಿಂಚುವಿನ ಮೊಣಕೈ ಈ ಡಬ್ಬಕ್ಕೆ ತಾಗುತ್ತಿತ್ತು. ಡಬ್ಬಕ್ಕೆ ಬೀಗವಿರಲಿಲ್ಲ. ಯಾವತ್ತೂ ಇರಲಿಲ್ಲ. ಅವಳಿಗೆ ಯಾಕೋ ಅಳು ಬಂದಂತಾಯಿತು, ಖುಷಿಯೂ ಆಯಿತು.

"ನೀನೇ ಟೈಪ್ ಮಾಡು," ಎಂದಳು ಅಮ್ಮ.

ಮಿಂಚು ಫಟ್ ಎಂದು ಒತ್ತಲಿಲ್ಲ. ಪರದೆಯ ಮೇಲಿದ್ದದ್ದನ್ನು ಬೆರಳಿಟ್ಟು ಕೊನೆಯವರೆಗೂ ಓದಿದಳು.

"ಪ್ರಿಂಟರ್ ಕಂಪನಿ ಹೆಸರೇ ಇದೆ ಅಮ್ಮಾ. ಹಾಕ್ಲಾ?"

"ನಂಗೇನು ಗೊತ್ತು? ನೀನೇ ಹೇಳು ಡಾಕ್ಟ್ರೇ."

"ಹಾಕ್ಬಹುದು."

ಸ್ವಲ್ಪ ಹೊತ್ತಿಗೆ ಪ್ರಿಂಟರ್ ಗುರ್ ಎಂದು ಅಳತೆಯ ಮೊದಲ ಹಾಳೆಯನ್ನು ಹೊರಗೆ ತಳ್ಳಿತು. ಅಮ್ಮ ಅದನ್ನೆತ್ತಿಕೊಂಡು ಮಷೀನಿನ ಕಡೆ ಓಡಿದಳು. ಚೀಟಿಯ ಮಾತೇ ಎತ್ತಲಿಲ್ಲ.

ಮಿಂಚು ಚೀಟಿಯನ್ನು ಮೊದಲಿದ್ದ ಹಾಗೇ ಮಡಿಸಿ ದೊಡ್ಡ ಕತ್ತರಿಯ ಕೆಳಗಿಟ್ಟಳು. ಮುಚ್ಚಳ ಹಾಕಿದಳು. ಆಮೇಲೆ ತನ್ನ ಪುಟ್ಟ ಕತ್ತರಿ ಹಿಡಿದು, ರಾಣಿಯ ಕಿರೀಟ ಕತ್ತರಿಸಲು ಅದೇ ಡಬ್ಬದ ಪಕ್ಕ ಕೂತಳು.