ಎಡಗೆನ್ನೆಯ ಗುರುತು

"ಯಾರ್ರೀ ಇದನ್ನ ಹಚ್ಚಿದ್ದು? ಇಷ್ಟು ಕೆಟ್ಟದಾಗಿ..."

ಮೇಕಪ್ ರೂಮಿನ ಬಾಗಿಲಲ್ಲಿ ನಿಂತಿದ್ದವನ ತೋಳು ಹಿಡಿದು ಒಳಗೆಳೆದು, ಕನ್ನಡಿ ಮುಂದೆ ಕೂರಿಸಿಯೇ ಬಿಟ್ಟಳು ಅವಳು. ಅವನ ಎಡಗೆನ್ನೆಯ ಮೇಲೆ ಉದ್ದಕ್ಕೆ ಒಂದು ಗಾಯದ ಗುರುತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಗಲ್ಲ ಹಿಡಿದು ಉಜ್ಜತೊಡಗಿದಳು.

ಒಂದು ಸಲ. ಎರಡು ಸಲ. ಕೆನ್ನೆ ಕೆಂಪಾಯಿತೇ ಹೊರತು ಗುರುತು ಅಳಿಸಲಿಲ್ಲ.

"ಅದು ಹೋಗಲ್ಲ ಮೇಡಂ," ಅಂದ ಅವನು ಮೆಲ್ಲಗೆ. "ಅದು ನಂದೇ."

ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು ಅವಳಿಗೆ. ಹೊಸ ನಟ ಬರ್ತಾನೆ ಅಂತ ಡೈರೆಕ್ಟರ್ ಹೇಳಿದ್ದರು, ಇವನೇ ಅವನು ಅಂದುಕೊಂಡಿದ್ದಳು ಪಾಪ. ಆರು ವರ್ಷದಿಂದ ಟಿವಿಯ ಕ್ರೈಂ ಧಾರಾವಾಹಿಗೆ ಮೇಕಪ್ ಮಾಡುವವಳು. ವಾರಕ್ಕೊಂದು ನಿಜವಾದ ಕೇಸು. ವಾರಕ್ಕೊಬ್ಬ ಕಳ್ಳನೋ ಕೊಲೆಗಾರನೋ ಅವಳ ಕೈಯಲ್ಲೇ ತಯಾರಾಗಬೇಕು. ಸೆಟ್‌ನಲ್ಲಿ ಎಲ್ಲರಿಗೂ ಅವಳು 'ಮೇಕಪ್ಪಮ್ಮ'.

"ಹಾಗಾದ್ರೆ ನೀವು...?"

"ಬೀಗ ರಿಪೇರಿಯವನು. ಈ ವಾರ ನೀವು ತೋರಿಸ್ತಿರೋ ಚಿನ್ನದಂಗಡಿ ಕಳ್ಳತನ... ಪೊಲೀಸರು ಹಿಡಿದಿದ್ದು ನನ್ನನ್ನೇ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಅವನು ಎದ್ದು ನಿಂತು, ಕೈ ಕಟ್ಟಿಕೊಂಡೇ ಹೇಳಿದ. ಕಳ್ಳತನಕ್ಕೆ ಒಂದು ವಾರ ಮುಂಚೆ ಆ ಅಂಗಡಿಯ ಬೀಗ ಸರಿ ಮಾಡಿದ್ದು ಅವನೇ. ಕ್ಯಾಮೆರಾದಲ್ಲಿ ಸಿಕ್ಕ ಕಳ್ಳನ ಫೋಟೋದಲ್ಲೂ ಎಡಗೆನ್ನೆಯ ಮೇಲೆ ಗಾಯ. ಹನ್ನೊಂದು ದಿನ ಒಳಗಿಟ್ಟು, ಸಾಕ್ಷಿ ಸಾಲದು ಅಂತ ಬಿಟ್ಟಿದ್ದರು. ಕೇಸು ಮಾತ್ರ ಮುಗಿದಿರಲಿಲ್ಲ.

"ಮೂರು ತಿಂಗಳಾಯ್ತು, ಒಬ್ಬರೂ ನನ್ನ ಕೈಗೆ ಒಂದು ಕೀಲಿ ಕೊಟ್ಟಿಲ್ಲ. ಶುಕ್ರವಾರ ಟಿವಿಲಿ ಇದೇ ಗುರುತು ಬಂದ್ರೆ, ಹೆಸರು ಹಾಕದಿದ್ರೂ ಇಡೀ ಊರಿಗೆ ನಾನೇ ಕಳ್ಳ. ಆ ಗುರುತನ್ನ ಬದಲಾಯಿಸಿ ಮೇಡಂ. ಅಷ್ಟೇ ಕೇಳೋಕೆ ಬಂದೆ."

*ಕಣ್ಣು ನೋಡಿದ್ರೆ ಸುಳ್ಳು ಹೇಳೋನ ಥರ ಇಲ್ವಲ್ಲ...*

ಮನಸ್ಸು ಹಾಗಂದರೂ ಬಾಯಿ ಸುಮ್ಮನಿರಬೇಕಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ತಪ್ಪು ಮಾಡದೋರಿಗೆ ಭಯ ಯಾಕ್ರೀ?"

ಅವನು ಪಕ್ಕಕ್ಕೆ ತಿರುಗಿದ. ಮೇಜಿನ ಮೇಲೆ ಅವಳ ಮೇಕಪ್ ಪೆಟ್ಟಿಗೆ ಇತ್ತು. ಅದರ ಬೀಗ ಬೆಳಗ್ಗೆಯಿಂದ ಕಚ್ಚಿಕೊಂಡು ಕೂತಿತ್ತು. "ಒಂದು ಹೇರ್‌ಪಿನ್ ಕೊಡ್ತೀರಾ?" ಅಂದ.

ಪಿನ್ನನ್ನು ಬಗ್ಗಿಸಿ, ಕಣ್ಣು ಮುಚ್ಚಿ, ಬೀಗಕ್ಕೆ ಕಿವಿ ಕೊಟ್ಟ. ಮಗುವಿನ ಎದೆಬಡಿತ ಕೇಳುವ ವೈದ್ಯನ ಹಾಗೆ. ಬೆರಳು ಕೂದಲೆಳೆಯಷ್ಟು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಉಸಿರು ಬಿಗಿಹಿಡಿದು ನೋಡುತ್ತಾ ನಿಂತವಳು ಲೋಕವನ್ನೇ ಮರೆತಳು.

ಟಕ್.

*ಅಬ್ಬಾ, ಎಂಥ ಕೈ...* ಅಂದುಕೊಂಡಳು. ಅದರ ಬೆನ್ನಿಗೇ, *ಇಂಥ ಕೈಗೆ ಚಿನ್ನದಂಗಡಿ ಬೀಗ ಯಾವ ಲೆಕ್ಕ?*

ಅವಳ ಮುಖದಲ್ಲಿ ಎರಡನ್ನೂ ಅವನು ಓದಿಬಿಟ್ಟ. "ಕೆಲಸ ಚೆನ್ನಾಗಿ ಬರೋದೇ ನನ್ನ ತಪ್ಪಾಗಿದೆ," ಅಂತ ನಕ್ಕು ಹೊರಟುಹೋದ.

ಮನೆಗೆ ಬಂದರೂ ಆ ನಗು ಬಿಡಲಿಲ್ಲ. ಅವಳನ್ನು ಸಾಕಿದ ದೊಡ್ಡಮ್ಮ ಆ ಧಾರಾವಾಹಿಯ ಕಟ್ಟಾ ಅಭಿಮಾನಿ. ಮೊದಲ ಐದು ನಿಮಿಷದಲ್ಲೇ ಕಳ್ಳ ಯಾರು ಅಂತ ತೀರ್ಮಾನ ಮಾಡಿಬಿಡುತ್ತಿದ್ದರು. ಒಂದು ಸಲವೂ ಸರಿಯಾಗಿದ್ದಿಲ್ಲ ಬಿಡಿ. ಅವತ್ತು ಎಲ್ಲ ಕೇಳಿ ಅವರು ಅಂದಿದ್ದು ಇಷ್ಟೇ: "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣೇ. ನೀನು ಕಂಡಿದ್ದೂ ಇಲ್ಲ, ಪ್ರಮಾಣಿಸಿದ್ದೂ ಇಲ್ಲ. ಬೈದು ಕಳಿಸಿದೀಯ."

ಮರುದಿನ ಶೂಟಿಂಗ್. ನಟನನ್ನು ಕೂರಿಸಿ, ಪೊಲೀಸರ ಫೋಟೋವನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ, ಅವನ ಎಡಗೆನ್ನೆಗೆ ಗಾಯ ಬರೆದಳು. ಅಂಥದೇ ಶರ್ಟು ತೊಡಿಸಿ, ಫೋಟೋ ಜೊತೆ ಹೋಲಿಸಿದಳು.

ಏನೋ ಸರಿಯಿಲ್ಲ...

ನಟನ ಗಾಯ, ಶರ್ಟಿನ ಜೇಬು, ಎರಡೂ ಎಡಗಡೆ. ಫೋಟೋದ ಕಳ್ಳನಿಗೆ ಗಾಯ ಎಡಗಡೆ, ಜೇಬು ಬಲಗಡೆ! ಬಟನ್ ಪಟ್ಟಿಯೂ ತಿರುವುಮುರುವು.

ದಿನವಿಡೀ ಕನ್ನಡಿಯಲ್ಲಿ ಮುಖ ನೋಡಿಯೇ ಬಣ್ಣ ಹಚ್ಚುವವಳು. ತಿರುಗಿದ ಮುಖ ಅವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಇದು ಮನುಷ್ಯನ ಫೋಟೋ ಅಲ್ಲ, ಕನ್ನಡಿಯಲ್ಲಿ ಬಿದ್ದ ಬಿಂಬದ ಫೋಟೋ. ನಿಜವಾದ ಕಳ್ಳನ ಗಾಯ ಇರೋದು ಬಲಗೆನ್ನೆಯ ಮೇಲೆ! ಮೂರು ತಿಂಗಳು ಎಲ್ಲರೂ ಆ ಗಾಯವನ್ನೇ ನೋಡಿದ್ದರು. ಜೇಬು ಯಾರಿಗೆ ಬೇಕಿತ್ತು?

"ಮೇಕಪ್ಪಮ್ಮ, ನಿಮ್ಮ ಕೆಲಸ ಮುಖಕ್ಕೆ ಬಣ್ಣ ಹಚ್ಚೋದು," ಅಂದರು ಡೈರೆಕ್ಟರ್.

"ಇದು ಮುಖದ ಕೆಲಸಾನೇ ಸರ್. ತಪ್ಪಾದ ಮುಖಕ್ಕೆ ನಾನು ಬಣ್ಣ ಹಚ್ಚಲ್ಲ."

ಅವರನ್ನೂ ಎಳೆದುಕೊಂಡೇ ಚಿನ್ನದಂಗಡಿಗೆ ಹೋದಳು. ಒಳಗೆ ಗೋಡೆಪೂರ್ತಿ ಕನ್ನಡಿ, ಕ್ಯಾಮೆರಾ ಅದರ ಕಡೆಗೇ ತಿರುಗಿತ್ತು. ಕಳ್ಳತನವಾದ ಕಪಾಟಿನ ಮುಂದೆ ನಿಂತು ಅವಳು ಬಲಗೈ ಎತ್ತಿದಳು. ಗಲ್ಲಾದ ಮೇಲೆ ಕ್ಯಾಮೆರಾದ ದೃಶ್ಯ ತೋರಿಸುವ ಟಿವಿಯಲ್ಲಿ ಅವಳದೇ ರೂಪದ ಹೆಂಗಸೊಬ್ಬಳು ಎಡಗೈ ಎತ್ತಿದಳು.

ಡೈರೆಕ್ಟರ್ ತಾವೇ ಪೊಲೀಸರಿಗೆ ಫೋನ್ ಮಾಡಿದರು.

ಆ ಶುಕ್ರವಾರ ಆ ಕಂತು ಬರಲಿಲ್ಲ. ಎರಡು ವಾರ ಬಿಟ್ಟು ಬಂತು, ಕೊನೆಯ ದೃಶ್ಯದಲ್ಲಿ ಒಂದು ಕನ್ನಡಿಯೊಂದಿಗೆ. ಅಷ್ಟರಲ್ಲಿ ಪೊಲೀಸರೂ ಕೇಸಿನಿಂದ ಬೀಗದವನ ಹೆಸರು ತೆಗೆದಿದ್ದರು.

ಮಾರನೇ ಬೆಳಗ್ಗೆ ಅವಳು ಬೀಗದಂಗಡಿಯ ಮುಂದೆ ನಿಂತಿದ್ದಳು.

"ಕ್ಷಮಿಸಿ... ಅವತ್ತು ಕುಂಬಳಕಾಯಿ ಅಂದೆ," ಅಂದಳು.

"ನೀವು ಮುಖದ ಮೇಲೇ ಅಂದ್ರಿ. ಬೇರೆಯವರು ಬೆನ್ನ ಹಿಂದೆ ಅಂದ್ರು." ಅವನು ಸ್ಟೂಲು ಒರೆಸಿ ಮುಂದೆ ಸರಿಸಿದ. "ಮೂರು ತಿಂಗಳು ನಾನೂ ದಿನಾ ಕನ್ನಡಿಲಿ ಮುಖ ನೋಡ್ಕೊಂಡೆ. ನನಗೇ ಹೊಳೀಲಿಲ್ಲ. ನಿಮಗೆ ಹೇಗೆ ಕಾಣಿಸ್ತು?"

ಅವಳ ಪೆಟ್ಟಿಗೆ ತೆರೆದಾಗ ಅವಳ ಕಣ್ಣಲ್ಲಿದ್ದ ಬೆರಗು ಈಗ ಅವನ ಕಣ್ಣಲ್ಲಿತ್ತು. ಅವಳು ತಲೆ ತಗ್ಗಿಸಿದಳು.

"ಆ ಗುರುತು... ಹೇಗಾಯ್ತು?"

"ಕೀಲಿ ಮಾಡೋ ಮಿಷನ್ನಿಂದ ಲೋಹದ ಚೂರು ಹಾರಿ."

ಅವಳ ಬೆರಳು ತಾನಾಗಿಯೇ ಮೇಲೆದ್ದು ಅವನ ಕೆನ್ನೆ ಸವರಿತು. ಹತ್ತಿ ಇರಲಿಲ್ಲ, ಸ್ಪಿರಿಟ್ ಇರಲಿಲ್ಲ. "ಅವತ್ತು ಉಜ್ಜಿದಾಗ ಉರೀತಾ?"

"ತುಂಬಾ."

"ತಕ್ಷಣ ಹೇಳ್ಬಾರ್ದಿತ್ತಾ?"

"ಮೂರು ತಿಂಗಳಿಂದ ಯಾರೂ ಹತ್ರ ಬಂದಿರಲಿಲ್ಲ. ನೀವು ಮುಖ ಹಿಡ್ಕೊಂಡ್ರಿ... ಉರಿದ್ರೂ ಪರವಾಗಿಲ್ಲ, ಇನ್ನೊಂದು ಗಳಿಗೆ ಇರಲಿ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. ಬ್ಯಾಗಿನಿಂದ ಮನೆಯ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. "ಇದಕ್ಕೆ ಇನ್ನೊಂದು ಮಾಡ್ಕೊಡಿ."

ಮೂರು ತಿಂಗಳ ಮೇಲೆ ಸಿಕ್ಕ ಮೊದಲ ಕೀಲಿ. ಅದನ್ನು ಅವನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮಿಷನ್ ಹಾಕಿ, ಹೊಸ ಕೀಲಿ ಕಡೆದು, ಅರದಿಂದ ಅಂಚು ತೀಡಿ, ಎರಡನ್ನೂ ಅವಳ ಮುಂದಿಟ್ಟ.

ಅವಳು ಹಳೆಯದನ್ನಷ್ಟೇ ತೆಗೆದುಕೊಂಡಳು.

"ಇದನ್ನ ಮರೆತ್ರಿ."

"ಮರೆತಿಲ್ಲ. ಅದು ನಿಮ್ಮದು."

ಅವನು ಹೊಸ ಕೀಲಿಯನ್ನು ಅಂಗೈಯಲ್ಲಿಟ್ಟು ಅವಳತ್ತ ಚಾಚಿದ. "ಯೋಚನೆ ಮಾಡಿ... ಬೀಗದವನ ಕೈಗೆ ಮನೆ ಕೀಲಿ ಕೊಟ್ರೆ ಜನ ನಗ್ತಾರೆ."

"ನಗಲಿ ಬಿಡಿ. ನಮ್ಮ ದೊಡ್ಡಮ್ಮ ಬಾಗಿಲು ತೆಗೆಯೋದು ತುಂಬಾ ನಿಧಾನ," ಅಂದಳು ಅವಳು, ಅವನ ಬೆರಳುಗಳನ್ನು ಆ ಕೀಲಿಯ ಮೇಲೆ ಮಡಿಸುತ್ತಾ. "ನೀವು ಇನ್ನು ಹೊರಗೆ ನಿಂತು ಕಾಯೋದು ನಂಗಿಷ್ಟ ಇಲ್ಲ."