ಹೊಸ್ತಿಲು ಮುಟ್ಟಿದ ಮುಸುಕುಧಾರಿ

ಬಾಗಿಲು ಒದ್ದು ಒಳನುಗ್ಗಬೇಕಾಗಿದ್ದ ಮುಸುಕುಧಾರಿ, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ!

"ಕಟ್! ಅರೇ ಯಾರ್, ಖೂನ್ ಮಾಡಾಕ ಬಂದೀಯೋ, ಪೂಜಾ ಮಾಡಾಕೋ?" ನಿರ್ದೇಶಕ ಸೂರಜ್ ತಲೆ ಚಚ್ಚಿಕೊಂಡ.

ನಾಯಕಿಯ ಪಾತ್ರದಲ್ಲಿ ಗೋಡೆಗೆ ಆತು ನಿಂತಿದ್ದ ಪೂನಂ ಆ ಕೈಗಳನ್ನೇ ದಿಟ್ಟಿಸಿದಳು. ಅದು ನಟನೆಯಾಗಿರಲಿಲ್ಲ...

ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಪಕ್ಕದ ಆ ಮನೆ ಅವಳದೇ. ಕಾಲೇಜಿನ ಗೆಳೆಯ ಸೂರಜ್ ಇದ್ದುದರಲ್ಲೇ ಒಂದು ಭಯದ ಸಿನಿಮಾ ತೆಗೆಯಲು ಹೊರಟಿದ್ದ. ಒಂಟಿ ಹುಡುಗಿ, ಮನೆಗೆ ನುಗ್ಗುವ ಕೊಲೆಗಾರ, ಅಷ್ಟೇ ಕಥೆ. ಹಗಲನ್ನು ರಾತ್ರಿ ಮಾಡಲು ಕಿಟಕಿಗೆ ಕಪ್ಪು ಬಟ್ಟೆ. ಬಿರುಕು ಬಿಟ್ಟ ಗಾಜು ಕಂಡು, "ಫುಕಟ್ ಸೆಟ್!" ಎಂದು ಹಿಗ್ಗಿದ್ದ.

ಹೋದ ವರ್ಷ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದಾಗ ಬಿರಿದ ಗಾಜು ಅದು. ಅಂದು ಕೆಲಸಕ್ಕೆ ಹೋದ ಅವಳ ಅಪ್ಪ ಅಪ್ಪಾಸಾಹೇಬರು ಜೀವಂತ ಮರಳಲಿಲ್ಲ.

ಗುರುನಾಥನೂ ಬರಲಿಲ್ಲ.

ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಅವಳನ್ನು ಮದುವೆಯಾಗಲು ಅಪ್ಪನ ಒಪ್ಪಿಗೆ ಪಡೆದವನು. ಬಂದಾಗಲೆಲ್ಲ ಹೊಸ್ತಿಲಿಗೆ ನಮಸ್ಕರಿಸುತ್ತಿದ್ದ. ಪೂನಂ ನಕ್ಕರೆ, "ಕೆಲಸ ಕಲಿಸಿದವರ ಮನಿ... ನನಗ ಇದೇ ಗುಡಿ" ಎನ್ನುತ್ತಿದ್ದ. ಅಂಥವನು ಅಪ್ಪನ ಮಣ್ಣಿಗೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಅಂದು ಅವನಿಗೆ ರಜೆ ಬೇರೆ! ಸಾವಿನ ಮನೆಯ ಭಾರಕ್ಕೆ ಹೆದರಿ ಓಡಿಹೋದ ಎಂದೇ ಅವಳು ಎದೆ ಕಲ್ಲು ಮಾಡಿಕೊಂಡಿದ್ದಳು.

"ಮುಸುಕು ತಗಿ," ಎಂದಳು ಪೂನಂ.

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಗುರು... ತಗಿ ಅಂದ್ನೆಲ್ಲ!"

ಮುಸುಕು ಸರಿಯಿತು. ಎಡಗೆನ್ನೆಯಿಂದ ಕತ್ತಿನವರೆಗೆ ಸುಟ್ಟ ಚರ್ಮ. ಅಯ್ಯೋ ದೇವರೇ!

"ರಜಾ ಇದ್ರೂ ಅವತ್ತ ಹಾಜರಿ ಹಾಕದ ಅವರ ಜೋಡಿ ಹೋಗಿದ್ದೆ. ಬೆಂಕಿ ಹತ್ತಿದಾಗ ನಿಮ್ಮಪ್ಪಾರು ನನ್ನ ಹೊರಗ ದೂಡಿದ್ರು, ಪೂನಂ. ಅವರು ಒಳಗ ಉಳದ್ರು..." ಅವನು ಬಾಗಿಲ ಚೌಕಟ್ಟು ಹಿಡಿದ. "ಮಣ್ಣಿನ ದಿನ ನಾ ಥಾಣೆ ಊರಿನ ದವಾಖಾನ್ಯಾಗ ಎಚ್ಚರಿಲ್ದ ಬಿದ್ದಿದ್ದೆ. ಎಚ್ಚರಾದ ಮ್ಯಾಲೆ ನಿಮ್ಮವ್ವನ ಕುಂಕುಮಿಲ್ಲದ ಬರೇ ಹಣಿ ನೋಡೋ ಧೈರ್ಯ ಆಗ್ಲಿಲ್ಲ. ಈಗ ಖಾರಘರ ಊರಾಗ ಲಾರಿ ಲೋಡಿಂಗ್ ಮಾಡ್ತೀನಿ. ಸೂರಜ್ ಅಲ್ಲಿ ಸಿಕ್ಕು, ಕೊಲೆಗಾರನ ಪಾತ್ರಕ್ಕ ಕರದು, ನಿಮ್ಮನ್ಯಾಗ ಶೂಟಿಂಗ್ ಅಂದ. ಮುಸುಕಿತ್ತಲ್ಲ... ಒಮ್ಮೆ ನೋಡಿ ಹೋಗೂಣಂತ ಬಂದೆ."

"ಕ್ಯಾಮೆರಾ ಚಾಲೂ ಇಡ್ರಿ," ಸೂರಜ್ ಪಿಸುಗುಟ್ಟಿದ. "ಇದೇ ನಮ್ಮ ಪಿಕ್ಚರ್!"

ಪೂನಂ ಅಂಗೈಯಿಂದ ಲೆನ್ಸ್ ಮುಚ್ಚಿದಳು. "ಇದು ಪಿಕ್ಚರ್ ಅಲ್ಲ, ಸೂರಜ್. ನನ್ನ ಮನಿ."

ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡ ಅವಳ ತಾಯಿ ಗಿರಿಜವ್ವ ಚಹಾ ತಟ್ಟೆ ಹಿಡಿದು ಬಂದವರು ನಿಂತುಬಿಟ್ಟರು. ಅವರು ತಟ್ಟೆ ಕೆಳಗಿಟ್ಟು, ಹೊಸ್ತಿಲವರೆಗೆ ನಡೆದು, ಆ ಸುಟ್ಟ ಕೆನ್ನೆಯ ಮೇಲೆ ಕೈಯಿಟ್ಟರು.

"ನಮ್ಮವರು ಉಳಿಸಿದ ಜೀವ ಇದು. ಅದನ್ನ ನನಗೂ ತೋರಿಸ್ದ ಬಚ್ಚಿಟ್ಟೆಲ್ಲೋ, ಹುಚ್ಚಾ!"

ನಂತರ ಕಿಟಕಿಯ ಕಪ್ಪು ಬಟ್ಟೆ ಕಿತ್ತೆಸೆದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದೇವರ ಮುಂದೆ ಹೋಗಿ ಕುಳಿತರು.

ಗುರುನಾಥ ಇನ್ನೂ ಹೊರಗೇ ನಿಂತಿದ್ದ.

"ಪೂನಂ... ಈ ಮಾರಿ ನೋಡಿ ಹೆದರಿಕಿ ಆಗೂದಿಲ್ಲೇನು?"

ಅವಳು ಕೈ ಚಾಚಿದಳು.

"ನೀ ಬರದ ಮನ್ಯಾಗ ವರ್ಷ ಕಳದೀನಿ, ಗುರು. ಹೆದರಿಕಿ ಅಂದ್ರ ಅದು... ಬಾ, ಒಳಗ ಬಾ."